ಓವನ್ ಬಟನ್ ಒತ್ತಿದರೂ ಕೇಳುತ್ತಿಲ್ಲವೇ? ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮದು ಟಚ್ ಪ್ಯಾನೆಲ್ ಇರುವ ಎಲೆಕ್ಟ್ರಿಕ್ ಓವನ್. ಮುಂಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಯಾವ ಬಟನ್ ಒತ್ತಿದರೂ ಬರೀ ಬೀಪ್ ಎನ್ನುತ್ತದೆ, ಓವನ್ ಶುರುವಾಗುವುದಿಲ್ಲ. ಗಡಿಯಾರ ಮಾತ್ರ ಸರಿಯಾಗಿ ಓಡುತ್ತಿದೆ. ರಿಪೇರಿಯವರು ಫೋನಿನಲ್ಲೇ ‘ಬೋರ್ಡ್ ಹೋಗಿದೆ’ ಎಂದರು. ಬದಲಿಸಲೇಬೇಕೇ?

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ. ಗಡಿಯಾರ ಓಡುತ್ತಿದೆ, ಬೀಪ್ ಬರುತ್ತಿದೆ ಎಂದರೆ ಬೋರ್ಡಿಗೆ, ಅಂದರೆ ಓವನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗೆ, ಕರೆಂಟ್ ತಲುಪುತ್ತಿದೆ, ನಿಮ್ಮ ಬೆರಳು ತಾಗಿದ್ದೂ ಅದಕ್ಕೆ ಗೊತ್ತಾಗುತ್ತಿದೆ. ಆದರೂ ಓವನ್ ಶುರುವಾಗದಿದ್ದರೆ ಮೊದಲ ಅನುಮಾನ ಚೈಲ್ಡ್ ಲಾಕ್ ಮೇಲೆ, ಅಂದರೆ ಮಕ್ಕಳು ಓವನ್ ಹಾಕದಂತೆ ಬಟನ್‌ಗಳನ್ನು ತಡೆಯುವ ವ್ಯವಸ್ಥೆಯ ಮೇಲೆ. ಒರೆಸುವಾಗ ಒದ್ದೆ ಬಟ್ಟೆಯೋ ಬೆರಳೋ ಒಂದೇ ಬಟನ್ ಮೇಲೆ ಮೂರ್ನಾಲ್ಕು ಸೆಕೆಂಡ್ ನಿಂತರೆ ಸಾಕು, ಲಾಕ್ ಬೀಳಬಹುದು.

ಡಿಸ್‌ಪ್ಲೇಯ ಮೂಲೆಗಳನ್ನು ಹತ್ತಿರದಿಂದ ನೋಡಿ. ಬೀಗ ಅಥವಾ ಕೀಲಿಕೈಯ ಸಣ್ಣ ಚಿತ್ರ ಕಂಡರೆ, ಇಲ್ಲವೇ ಬಟನ್ ಒತ್ತಿದಾಗ ‘ಲಾಕ್’ ಎಂಬುದರ ಇಂಗ್ಲಿಷ್ ಅಕ್ಷರಗಳು ಮೂಡಿದರೆ ಓವನ್ ಕೆಟ್ಟಿಲ್ಲ. ಪ್ಯಾನೆಲ್ ಮೇಲೆ ಅದೇ ಬೀಗದ ಚಿತ್ರವಿರುವ ಬಟನ್ ಇದ್ದರೆ ಅದನ್ನು 3ರಿಂದ 5 ಸೆಕೆಂಡ್ ಒತ್ತಿ ಹಿಡಿಯಿರಿ. ಹಾಗೊಂದು ಬಟನ್ ಇಲ್ಲದಿದ್ದರೆ ಸ್ಟಾರ್ಟ್ ಅಥವಾ ಕ್ಯಾನ್ಸಲ್ ಬಟನ್ನನ್ನು ಅಷ್ಟೇ ಹೊತ್ತು ಹಿಡಿದು ನೋಡಿ. ಕೆಲವು ಮಾಡೆಲ್‌ಗಳಲ್ಲಿ ಎರಡು ಬಟನ್‌ಗಳನ್ನು ಒಟ್ಟಿಗೇ ಹಿಡಿಯಬೇಕು. ನಿಮ್ಮ ಮಾಡೆಲ್‌ನಲ್ಲಿ ಯಾವುದು ಎಂಬುದು ಮ್ಯಾನುಯಲ್‌ನಲ್ಲಿರುತ್ತದೆ. ಮ್ಯಾನುಯಲ್ ಕಳೆದುಹೋಗಿದ್ದರೆ, ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುವ ಪಟ್ಟಿಯಲ್ಲಿರುವ ಮಾಡೆಲ್ ನಂಬರ್ ಹಾಕಿ ತಯಾರಕರ ವೆಬ್‌ಸೈಟ್‌ನಲ್ಲಿ ಹುಡುಕಿ. ಮೇನ್ ಸ್ವಿಚ್ ಆರಿಸಿ ಹಾಕಿದರೆ ಲಾಕ್ ಹೋಗುತ್ತದೆ ಎಂದುಕೊಳ್ಳುವವರು ಬಹಳ. ಎಷ್ಟೋ ಓವನ್‌ಗಳು ಲಾಕ್ ಆಗಿದ್ದನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತವೆ, ಕರೆಂಟ್ ಬಂದ ಮೇಲೂ ಲಾಕ್ ಹಾಗೆಯೇ ಇರುತ್ತದೆ.

ಲಾಕ್ ಅಲ್ಲ ಎಂದು ಖಚಿತವಾದರೆ ಮುಂದಿನದು ತೇವ. ಟಚ್ ಪ್ಯಾನೆಲ್‌ಗೆ ಒತ್ತಡ ಬೇಕಿಲ್ಲ. ಬೆರಳು ಹತ್ತಿರ ಬಂದಾಗ ಗಾಜಿನ ಹಿಂದಿನ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನೇ ಅದು ಒತ್ತಿದ್ದೆಂದು ಲೆಕ್ಕ ಹಾಕುತ್ತದೆ. ನೀರಿನ ಪಸೆ ಇದ್ದರೆ ನಾಲ್ಕಾರು ಬಟನ್‌ಗಳನ್ನು ಒಟ್ಟಿಗೇ ಒತ್ತಿದಂತೆ ತೋರುತ್ತದೆ, ಆಗ ಬೋರ್ಡ್ ಯಾವುದನ್ನೂ ಒಪ್ಪುವುದಿಲ್ಲ. ಹಾಗಾಗಿ ಮೇನ್ ಸ್ವಿಚ್ ಆರಿಸಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಅಂಚುಗಳ ಸಂದಿಯವರೆಗೂ ಒರೆಸಿ, ಅರ್ಧ ಗಂಟೆ ಹಾಗೇ ಬಿಡಿ. ಮತ್ತೆ ಸ್ವಿಚ್ ಹಾಕುವಾಗ ಗಾಜಿನ ಮೇಲೆ ಕೈಯೂ ಬಟ್ಟೆಯೂ ಇರಬಾರದು. ಕರೆಂಟ್ ಬಂದ ಮೊದಲ ಕೆಲವು ಸೆಕೆಂಡ್‌ಗಳಲ್ಲಿ ಪ್ಯಾನೆಲ್ ‘ಯಾರೂ ಮುಟ್ಟದ ಸ್ಥಿತಿ’ ಎಂದರೆ ಯಾವುದು ಎಂದು ಅಳೆದುಕೊಳ್ಳುತ್ತದೆ. ಆಗ ಏನಾದರೂ ತಾಗಿಕೊಂಡಿದ್ದರೆ ಆ ಅಳತೆಯೇ ತಪ್ಪುತ್ತದೆ. ಕ್ಲೀನರನ್ನು ಪ್ಯಾನೆಲ್ ಮೇಲೆ ನೇರವಾಗಿ ಸ್ಪ್ರೇ ಮಾಡಲೇಬೇಡಿ. ಅದು ಗಾಜಿನ ಅಂಚಿನಿಂದ ಒಳಗಿಳಿದರೆ ಆಗ ನಿಜಕ್ಕೂ ಬೋರ್ಡ್ ಹೋಗಬಹುದು.

ಇದಾದರೂ ಬಗ್ಗದಿದ್ದರೆ ರೀಸೆಟ್ ಮಾಡಿ. ಓವನ್ನಿನ ಆಫ್ ಬಟನ್ ಒತ್ತಿದರೆ ಅದು ರೀಸೆಟ್ ಅಲ್ಲ. ಪ್ಲಗ್ ಕೀಳಬೇಕು ಅಥವಾ ಓವನ್ನಿನ ಎಂಸಿಬಿ (ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿರುವ ಅದರ ಸುರಕ್ಷತಾ ಸ್ವಿಚ್) ಇಳಿಸಬೇಕು. ತಕ್ಷಣ ಮತ್ತೆ ಹಾಕಿದರೂ ಪ್ರಯೋಜನವಿಲ್ಲ, ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಚಿಪ್ಪನ್ನು ಇನ್ನೂ ಸ್ವಲ್ಪ ಹೊತ್ತು ಎಚ್ಚರವಾಗಿಟ್ಟಿರಬಹುದು. 5ರಿಂದ 10 ನಿಮಿಷ ಕಾಯಿರಿ.

ಕೊನೆಯದು, ಬಟನ್‌ಗಳಲ್ಲೇ ದೋಷ. ಇದು ಗಾಜಿನ ಟಚ್‌ಗಿಂತ ಒತ್ತಿದರೆ ತುಸು ತಗ್ಗುವ ಪ್ಲಾಸ್ಟಿಕ್ ಮೆಂಬ್ರೇನ್ ಪ್ಯಾನೆಲ್‌ಗಳಲ್ಲಿ ಹೆಚ್ಚು. ಒಂದು ಹಾಳೆಯ ಮೇಲೆ ಓವನ್ನಿನ ಬಟನ್‌ಗಳನ್ನೆಲ್ಲ ಬರೆದುಕೊಂಡು ಒಂದೊಂದನ್ನೇ ಒತ್ತಿ, ಕೆಲಸ ಮಾಡದವಕ್ಕೆ ಗುರುತು ಹಾಕಿ. ಬಟನ್‌ಗಳ ತಂತಿಗಳನ್ನು ಸಾಮಾನ್ಯವಾಗಿ ಅಡ್ಡಸಾಲು, ಉದ್ದಸಾಲುಗಳಾಗಿ ಜೋಡಿಸಿರುತ್ತಾರೆ. ಒಂದು ಗುಂಪಿನ ಬಟನ್‌ಗಳೆಲ್ಲ ಒಟ್ಟಿಗೇ ಸತ್ತಿದ್ದರೆ ಬಟನ್‌ಗಳನ್ನು ಬೋರ್ಡಿಗೆ ಜೋಡಿಸುವ ತೆಳು ರಿಬ್ಬನ್ ಕೇಬಲ್‌ನ ಒಂದು ಗೆರೆ ಕಡಿದಿರಬಹುದು ಅಥವಾ ಕನೆಕ್ಟರ್ ಸಡಿಲವಾಗಿರಬಹುದು. ಒಂದೇ ಬಟನ್ ಸತ್ತಿದ್ದರೆ ಅದು ಸವೆದಿರಬಹುದು. ಯಾರೂ ಮುಟ್ಟದೆಯೇ ಬೀಪ್ ಬರುತ್ತಿದ್ದರೆ ಅಥವಾ ಎರರ್ ಕೋಡ್ ತೋರುತ್ತಿದ್ದರೆ ಯಾವುದೋ ಬಟನ್ ಒಳಗೇ ಅಂಟಿಕೊಂಡಿರುವ ಸಾಧ್ಯತೆ ಇದೆ.

ಒಳಗಿನದನ್ನು ನೀವೇ ಬಿಚ್ಚಬೇಡಿ. ಮೈಕ್ರೋವೇವ್ ಸೇರಿರುವ ಓವನ್ ಆದರಂತೂ ಖಂಡಿತ ಬೇಡ, ಅದರ ಹೈ ವೋಲ್ಟೇಜ್ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟಿರಬಹುದು. ಆದರೆ ರಿಪೇರಿಯವರು ಮನೆಗೆ ಬಂದಾಗ ಒಂದು ಪರೀಕ್ಷೆ ಕೇಳಿ. ಬಟನ್ ಅಂಟಿಕೊಂಡಿದೆ ಎನ್ನುವ ಎರರ್ ಕೋಡ್ ಇದ್ದು, ಕೀಪ್ಯಾಡ್ (ಬಟನ್‌ಗಳ ಪದರ) ಬೋರ್ಡಿನಿಂದ ಪ್ರತ್ಯೇಕ ಬಿಡಿಭಾಗವಾಗಿದ್ದರೆ, ಕರೆಂಟ್ ತೆಗೆದು ಅದರ ರಿಬ್ಬನ್ ಬಿಡಿಸಿ ಮತ್ತೆ ಕರೆಂಟ್ ಕೊಡಲಿ. ಕೋಡ್ ಹೋದರೆ ದೋಷ ಕೀಪ್ಯಾಡಿನದು; ಹಾಗೇ ಉಳಿದರೆ ಬೋರ್ಡಿನದು ಎನ್ನಬಹುದು. ಈ ಪರೀಕ್ಷೆ ಮಾಡದೆ ಬೋರ್ಡಿಗೆ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಓವನ್ ಬಿಸಿಯೇ ಆಗುತ್ತಿಲ್ಲ. ಡಿಸ್‌ಪ್ಲೇಯಲ್ಲಿ ಸೊನ್ನೆಗಳು ಮಿನುಗುತ್ತಿವೆ.

ಉತ್ತರ: ಗಡಿಯಾರ ಹೊಂದಿಸಿ, ಅಷ್ಟೇ. ಹಲವು ಬಿಲ್ಟ್-ಇನ್ ಓವನ್‌ಗಳು ಸಮಯ ಹೊಂದಿಸದೆ ಹೀಟರ್ ಆನ್ ಮಾಡುವುದಿಲ್ಲ. ‘ಆಟೋ’ ಎಂದು ಮಿನುಗುತ್ತಿದ್ದರೆ ಟೈಮರ್ ಮೋಡ್‌ನಲ್ಲಿದೆ ಎಂದರ್ಥ. ಕೈಯ ಚಿತ್ರವಿರುವ ಬಟನ್ ಒತ್ತಿದರೆ ಟೈಮರ್ ಇಲ್ಲದೆ ಕೈಯಿಂದಲೇ ನಡೆಸುವ ಮ್ಯಾನುಯಲ್ ಮೋಡ್‌ಗೆ ಬರುತ್ತದೆ. ಆ ಬಟನ್ ಇಲ್ಲದವುಗಳಲ್ಲಿ ಸಾಮಾನ್ಯವಾಗಿ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಬೇಕು. ಹೊಸ ಓವನ್ ಆಗಿದ್ದು, ದೀಪ, ಫ್ಯಾನ್ ಎಲ್ಲ ಓಡಿಯೂ ಬಿಸಿಯಾಗದಿದ್ದರೆ ಅಂಗಡಿಯಲ್ಲಿ ಬಿಸಿಯಾಗದಂತೆ ಓಡಿಸಿ ತೋರಿಸಲು ಹಾಕಿದ ಡೆಮೋ ಮೋಡ್ ಉಳಿದಿದೆಯೇ ಎಂದು ಸೆಟಿಂಗ್ಸ್‌ನಲ್ಲಿ ನೋಡಿ.

ಪ್ರಶ್ನೆ: ಸೆಲ್ಫ್ ಕ್ಲೀನ್ ಮುಗಿದು ಮೂರು ಗಂಟೆಯಾದರೂ ಬಾಗಿಲು ತೆರೆಯುತ್ತಿಲ್ಲ. ಚಾಕು ಹಾಕಿ ಮೀಟಬಹುದೇ?

ಉತ್ತರ: ಬೇಡ. ಬಾಗಿಲಿನ ಲ್ಯಾಚ್ (ಬೀಗದ ಕೊಂಡಿ) ಬಗ್ಗುತ್ತದೆ, ಗಾಜು ಒಡೆಯಬಹುದು. ಪೈರೊಲಿಟಿಕ್ ಕ್ಲೀನಿಂಗ್‌ನಲ್ಲಿ, ಅಂದರೆ ಜಿಡ್ಡನ್ನು ಶಾಖದಿಂದಲೇ ಸುಟ್ಟು ಬೂದಿಮಾಡುವ ಈ ಸೆಲ್ಫ್ ಕ್ಲೀನ್‌ನಲ್ಲಿ, ಒಳಗೆ 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ. ಸುರಕ್ಷಿತ ಮಟ್ಟಕ್ಕೆ ಇಳಿಯುವವರೆಗೆ ಬೀಗ ಬಿಡುವುದಿಲ್ಲ. ಮೂರು ಗಂಟೆಗೂ ಬಿಡದಿದ್ದರೆ, ಬಾಗಿಲು ಮುಟ್ಟಲು ತಣ್ಣಗಿದೆಯೇ ಎಂದು ಖಚಿತ ಮಾಡಿಕೊಂಡು ಎಂಸಿಬಿ 10 ನಿಮಿಷ ಇಳಿಸಿ. ಮತ್ತೆ ಹಾಕಿದಾಗ ಲ್ಯಾಚ್ ಮೋಟಾರಿನ ಗುರ್ ಸದ್ದಿಗೆ ಕಿವಿಗೊಡಿ. ಸದ್ದು ಬರದಿದ್ದರೆ ಸೆಲ್ಫ್ ಕ್ಲೀನ್ ಶುರುಮಾಡಿ ಒಂದು ನಿಮಿಷದೊಳಗೆ ಕ್ಯಾನ್ಸಲ್ ಒತ್ತಿ. ಅರ್ಧಕ್ಕೆ ನಿಂತ ಮೋಟಾರ್ ಪೂರ್ತಿ ಒಂದು ಸುತ್ತು ಬಂದು ಬೀಗ ಬಿಡುವುದುಂಟು.

ಕ್ಲೀನಿಂಗ್ ನಂತರ ಡಿಸ್‌ಪ್ಲೇಯೇ ಆರಿಹೋಗಿದ್ದರೆ ಆ ವಿಷಯ ಬೇರೆ. ಅತಿ ಶಾಖಕ್ಕೆ ಥರ್ಮಲ್ ಕಟ್‌ಔಟ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಸುರಕ್ಷತಾ ಬಿಡಿಭಾಗ) ಕಡಿದಿರಬಹುದು, ಅದನ್ನು ತಂತ್ರಜ್ಞರೇ ನೋಡಬೇಕು. ಅವರು ಅದನ್ನು ಬದಲಿಸಿದ ದಿನವೇ ಓವನ್ ಬಿಸಿಮಾಡಿ, ಪ್ಯಾನೆಲ್ ಹಿಂದಿನ ಕೂಲಿಂಗ್ ಫ್ಯಾನ್ ತಿರುಗುತ್ತಿದೆಯೇ ಎಂದು ಅವರ ಎದುರಿಗೇ ಪರೀಕ್ಷಿಸಿ. ಫ್ಯಾನ್ ನಿಂತಿದ್ದರೆ ಹೊಸ ಕಟ್‌ಔಟ್ ಕೂಡ ಹೀಗೇ ಕಡಿಯುತ್ತದೆ.