ಕಸದ ಲಾರಿಗೂ ವಿಯೆಟ್ನಾಮಿಗೂ ಏನು ಸಂಬಂಧ?

ಮಾನ್ಯರೆ,

ಅಮೆರಿಕದ ಮೆಂಫಿಸ್ ನಗರದಲ್ಲಿ 1968ರಲ್ಲಿ ನಡೆದ ಪೌರಕಾರ್ಮಿಕರ ಮುಷ್ಕರದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಹಾಸನದಿಂದ ನೀವು ಬರೆದ ಪತ್ರ ತಲುಪಿತು. ಲೇಖನದ ನಡುವೆ ವಿಯೆಟ್ನಾಂ ಯುದ್ಧವನ್ನು ಎಳೆದು ತಂದದ್ದು ನಿಮಗೆ ಸರಿಕಂಡಿಲ್ಲ. "ಕಸ ಎತ್ತುವವರ ಕೂಲಿ ನಗರಸಭೆಯ ವಿಷಯ, ಯುದ್ಧ ವಾಷಿಂಗ್ಟನ್ನಿನ ವಿಷಯ. ಅಷ್ಟು ಸಿರಿವಂತ ದೇಶಕ್ಕೆ ಎರಡನ್ನೂ ತೂಗಿಸುವ ಶಕ್ತಿ ಇತ್ತು. ಅದೇ ವರ್ಷಗಳಲ್ಲಿ ಅಲ್ಲಿ ಬಡತನ ಇಳಿಯಿತಲ್ಲ?" ಎಂದು ಕೇಳಿದ್ದೀರಿ. ಕಾರ್ಮಿಕರ ಕತೆಯನ್ನು ಕಾರ್ಮಿಕರ ಕತೆಯಾಗಿಯೇ ಹೇಳಿ ಎಂದೂ ಸೂಚಿಸಿದ್ದೀರಿ.

ಮೊದಲು ನಮ್ಮ ತಪ್ಪು. ಯುದ್ಧದ ಖರ್ಚಿನಿಂದಾಗಿಯೇ ಮೆಂಫಿಸ್‌ನಲ್ಲಿ ಕೂಲಿ ಏರಲಿಲ್ಲ ಎಂಬ ಅರ್ಥ ಬರುವ ಒಂದು ವಾಕ್ಯ ಲೇಖನದಲ್ಲಿತ್ತು. ಅದು ಸರಿಯಲ್ಲ. ಆ ಕೆಲಸ ಮಾಡುತ್ತಿದ್ದವರು ಕಪ್ಪು ಜನ; ವಿಯೆಟ್ನಾಮಿಗೆ ಸೈನ್ಯ ಹೋಗುವ ಎಷ್ಟೋ ಮೊದಲಿನಿಂದ ಅವರ ಕೂಲಿ ಹಾಗೇ ಇತ್ತು. ಬಡತನ ಇಳಿದದ್ದೂ ನಿಜ. 1964ರಲ್ಲಿ ನೂರಕ್ಕೆ 19 ಮಂದಿ ಬಡವರಿದ್ದರು, 1969ಕ್ಕೆ ಸುಮಾರು 12.

ಆದರೆ ಎರಡನ್ನೂ ತೂಗಿಸಬಹುದಿತ್ತು ಎಂಬುದನ್ನು ಒಪ್ಪಲಾರೆವು. ಇದನ್ನೇ ನಂಬಿ ನಡೆದ ಅಧ್ಯಕ್ಷರೊಬ್ಬರಿದ್ದರು. ಲಿಂಡನ್ ಜಾನ್ಸನ್ ತರುಣರಾಗಿದ್ದಾಗ ಟೆಕ್ಸಾಸಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮೇಷ್ಟರಾಗಿದ್ದವರು. ಹಸಿದ ಮಗು ಹೇಗಿರುತ್ತದೆಂದು ಅವರು ಹತ್ತಿರದಿಂದ ಕಂಡಿದ್ದರು. 1964ರ ಜನವರಿಯಲ್ಲಿ ಬಡತನದ ಮೇಲೆ ಯುದ್ಧ ಸಾರಿದಾಗ ಅವರ ಮನಸ್ಸು ಪ್ರಾಮಾಣಿಕವಾಗಿತ್ತು ಎಂದೇ ನಾವು ನಂಬುತ್ತೇವೆ. ಮರುವರ್ಷದ ಜುಲೈ 28ರಂದು ಅದೇ ಜಾನ್ಸನ್, ವಿಯೆಟ್ನಾಮಿನಲ್ಲಿರುವ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಘೋಷಿಸಿದರು. ಎರಡೇ ದಿನ ಕಳೆದು, ವೃದ್ಧರಿಗೂ ಬಡವರಿಗೂ ಸರ್ಕಾರದಿಂದ ಚಿಕಿತ್ಸೆಯ ವೆಚ್ಚ ಕೊಡಿಸುವ ಮೆಡಿಕೇರ್, ಮೆಡಿಕೇಡ್ ಕಾನೂನಿಗೆ ಸಹಿ ಹಾಕಿದರು. 1966ರ ಜನವರಿಯಲ್ಲಿ, ಹೊರಗೆ ಯುದ್ಧ ಮಾಡುತ್ತಲೇ ಒಳಗಿನ ಕೆಲಸವನ್ನೂ ಮುಂದುವರಿಸುವಷ್ಟು ಈ ದೇಶ ಗಟ್ಟಿಯಾಗಿದೆ ಎಂದು ಸಂಸತ್ತಿಗೆ ಹೇಳಿದರು. ನಿಮ್ಮ ಪತ್ರದಲ್ಲಿರುವುದು ಅದೇ ವಾದ.

ಮುಂದೇನಾಯಿತು ನೋಡಿ. 1967ರ ಹೊತ್ತಿಗೆ ಯುದ್ಧ ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್ ನುಂಗುತ್ತಿತ್ತು. ಬಡತನ ನೀಗಿಸಲೆಂದೇ ತೆರೆದ ಕಚೇರಿಗೆ ಯಾವ ವರ್ಷವೂ 200 ಕೋಟಿ ದಾಟಿ ಸಿಗಲಿಲ್ಲ. ತೆರಿಗೆ ಏರಿಸಿದರೆ ಜನ ಯುದ್ಧದ ಲೆಕ್ಕ ಕೇಳುತ್ತಾರೆಂದು ಜಾನ್ಸನ್ ಆ ಮಾತನ್ನೇ ಮುಂದೂಡುತ್ತ ಬಂದರು. ಬೆಲೆಗಳು ಏರಿದವು. ಕಡೆಗೆ ತೆರಿಗೆ ಕೇಳಲೇಬೇಕಾಗಿ ಬಂದಾಗ ಕೆಳಮನೆಯ ತೆರಿಗೆ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್ ಪಟ್ಟು ಹಿಡಿದು ಕೂತರು: ಖರ್ಚು ಕಡಿತ ಮಾಡದೆ ತೆರಿಗೆ ಇಲ್ಲ. 1968ರ ಜೂನ್‌ನಲ್ಲಿ ಬಂದ ಕಾನೂನು ಆದಾಯ ತೆರಿಗೆಯ ಮೇಲೆ ಶೇ. 10ರ ಮೇಲ್ತೆರಿಗೆ ಹಾಕಿತು. ಸರ್ಕಾರದ ಖರ್ಚಿನಲ್ಲಿ 600 ಕೋಟಿ ಡಾಲರ್ ಇಳಿಸಬೇಕೆಂದಿತು. ಆ ಕಡಿತದಿಂದ ವಿಯೆಟ್ನಾಂ ಯುದ್ಧದ ಖರ್ಚಿಗೆ ವಿನಾಯಿತಿ ಇತ್ತು. ನಮ್ಮ ಲೇಖನದಲ್ಲಿ ಈ ಕಾನೂನಿನ ಪ್ರಸ್ತಾಪವೇ ಇಲ್ಲದ್ದು ದೊಡ್ಡ ಲೋಪ. ನೀವು ಕೇಳಿದ ಸಂಬಂಧ ಅದರಲ್ಲೇ ಬರವಣಿಗೆಯಲ್ಲಿದೆ.

ಹಣದಷ್ಟೇ ಮುಖ್ಯವಾದದ್ದು, ಯಾರ ಮಕ್ಕಳು ಹೋದರು ಎಂಬುದು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಕಡ್ಡಾಯ ಸೈನ್ಯ ಸೇವೆಯಿಂದ ಮುಂದೂಡಿಕೆ ಸಿಗುತ್ತಿತ್ತು. ಕಾಲೇಜಿನ ಮುಖ ಕಾಣದ, ಕಾರ್ಖಾನೆಯಲ್ಲೋ ಹೊಲದಲ್ಲೋ ದುಡಿಯುವ ಮನೆಯ ಹುಡುಗನಿಗೆ ಆ ದಾರಿ ಇರಲಿಲ್ಲ. 1966ರಿಂದ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಅವರ ಯೋಜನೆಯಂತೆ, ಸೈನ್ಯದ ಅರ್ಹತಾ ಪರೀಕ್ಷೆಯಲ್ಲಿ ಮೊದಲಾಗಿದ್ದರೆ ತಿರಸ್ಕೃತರಾಗುತ್ತಿದ್ದವರನ್ನೂ ಸೇರಿಸಿಕೊಂಡರು. ಅಂಥವರು 3 ಲಕ್ಷಕ್ಕೂ ಹೆಚ್ಚು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,000ಕ್ಕಿಂತ ಹೆಚ್ಚು. ವಿಯೆಟ್ನಾಮಿನ ಸಾವುಗಳನ್ನು ಲಕ್ಷಗಳಲ್ಲಿ ಎಣಿಸಬೇಕು. ಅವರೂ ಬಹುಪಾಲು ಗದ್ದೆ ಉಳುವವರು.

ನಮ್ಮ ಹಿರಿಯ ಓದುಗರಿಗೆ ಪಿ.ಎಲ್. 480 ಎಂಬ ಅಮೆರಿಕದ ಕಾನೂನಿನಡಿ ಭಾರತಕ್ಕೆ ನೆರವಾಗಿ ಬರುತ್ತಿದ್ದ ಗೋಧಿ ನೆನಪಿರಬಹುದು. ಬರಗಾಲದ 1966ರಲ್ಲಿ, ವಿಯೆಟ್ನಾಮಿನ ಮೇಲಿನ ಬಾಂಬ್ ದಾಳಿ ನಿಲ್ಲಿಸಿ ಎಂದು ಇಂದಿರಾ ಗಾಂಧಿ ಹೇಳಿದ್ದು ಜಾನ್ಸನ್‌ಗೆ ಹಿಡಿಸಲಿಲ್ಲ. ಗೋಧಿ ಹಡಗುಗಳನ್ನು ಅವರು ಅಳೆದೂ ಸುರಿದೂ ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿತ್ತು.

ಮೆಂಫಿಸ್‌ಗೆ ಮರಳೋಣ. 1968ರ ಫೆಬ್ರವರಿ 1, ಜಡಿಮಳೆ. ಬಿಳಿಯರ ಬಡಾವಣೆಗಳಲ್ಲಿ ಮಳೆಗೆ ನಿಲ್ಲಲು ಕಸದವರಿಗೆ ಅವಕಾಶವಿರಲಿಲ್ಲ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ಲಾರಿಯ ಹಿಂಬದಿಯಲ್ಲಿ, ಕಸ ಅದುಮುವ ಜಾಗದಲ್ಲೇ ಆಸರೆ ಪಡೆದರು. ಹಳೆಯ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಅರೆಯಿತು. ಅವರ ಮನೆಯವರಿಗೆ ದಕ್ಕಿದ್ದು ಒಂದು ತಿಂಗಳ ಸಂಬಳ, ಮಣ್ಣು ಮಾಡಲು 500 ಡಾಲರ್. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. 'ನಾನೂ ಒಬ್ಬ ಮನುಷ್ಯ' ಎಂಬ ಫಲಕ ಹಿಡಿದು ಬೀದಿಗಿಳಿದರು. ವಾರವಿಡೀ ದುಡಿದೂ ಸರ್ಕಾರಿ ನೆರವಿಗೆ ಕೈಯೊಡ್ಡಬೇಕಾದಷ್ಟು ಕಡಿಮೆ ಕೂಲಿ ಅವರಲ್ಲಿ ಅನೇಕರದು.

ಇವರ ಕರೆಗೆ ಬಂದವರು ಮಾರ್ಟಿನ್ ಲೂಥರ್ ಕಿಂಗ್. ಅದಕ್ಕೆ ಒಂದು ವರ್ಷ ಮೊದಲು, 1967ರ ಏಪ್ರಿಲ್ 4ರಂದು, ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು ಅವರು ಇದನ್ನೇ ಹೇಳಿದ್ದರು: ಬಡವರಿಗೆಂದು ಹೊರಟ ಯೋಜನೆಗಳಲ್ಲಿ ಆಸೆ ಮೂಡಿತ್ತು, ಆಮೇಲೆ ಯುದ್ಧ ಬಂತು, ಜನ, ಜಾಣ್ಮೆ, ಹಣ ಎಲ್ಲವನ್ನೂ ಹೀರಿಕೊಂಡಿತು. ನೀವು ಇಂದು ನಮಗೆ ಹೇಳುತ್ತಿರುವುದನ್ನು ಅಂದು ದೊಡ್ಡ ಪತ್ರಿಕೆಗಳೂ ಅವರ ಜೊತೆಗಾರರಲ್ಲಿ ಕೆಲವರೂ ಅವರಿಗೆ ಹೇಳಿದರು. ಎರಡನ್ನು ಬೆರೆಸಬೇಡಿ ಎಂದರು. ಅವರು ಬಿಡಲಿಲ್ಲ. ಸರಿಯಾಗಿ ವರ್ಷ ತುಂಬಿದ ದಿನ, 1968ರ ಏಪ್ರಿಲ್ 4ರಂದು, ಮೆಂಫಿಸ್‌ನಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಹನ್ನೆರಡು ದಿನದ ಮೇಲೆ ನಗರಾಡಳಿತ ಕಾರ್ಮಿಕರ ಸಂಘವನ್ನು ಮಾನ್ಯ ಮಾಡಿತು, ಕೂಲಿಯನ್ನೂ ಏರಿಸಿತು.

ನೀವು ತೋರಿಸಿದ ವಾಕ್ಯಕ್ಕೆ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, 1968ರ ಕಾನೂನಿನ ವಿವರವೂ ಜೊತೆಗಿರುತ್ತದೆ. ವಿಯೆಟ್ನಾಂ ಕುರಿತ ಭಾಗವನ್ನು ತೆಗೆಯುವುದಿಲ್ಲ.

— ಸಂಪಾದಕ