ಬ್ರೈಸನ್ ಸಿಟಿ ಹತ್ತಿರದ ಕ್ಯಾಬಿನ್‌ಗೆ ಬರುತ್ತಿರುವ ಕರಡಿಯ ಬಗ್ಗೆ

ನಮಸ್ಕಾರ ಸರ್. ನಾರ್ತ್ ಕ್ಯಾರೊಲೈನಾದ ಬ್ರೈಸನ್ ಸಿಟಿ ಬಳಿ ನೀವು ಕೊಂಡಿರುವ ಕ್ಯಾಬಿನ್‌ಗೆ ಕಪ್ಪು ಕರಡಿಯೊಂದು ಬಂದು, ಹಕ್ಕಿಗಳಿಗೆ ಕಾಳು ಹಾಕುವ ಫೀಡರನ್ನು ಕಿತ್ತು, ಕಸದ ಡಬ್ಬಿ ಉರುಳಿಸಿ, ಮರುವಾರ ವರಾಂಡದ ಗ್ರಿಲ್‌ವರೆಗೂ ಬಂದಿತ್ತೆಂದು ಬರೆದಿದ್ದೀರಿ. ಮೇಲಿನ ಉತ್ತರಗಳಲ್ಲಿ ಒಬ್ಬರು ಪಟಾಕಿ ಹಚ್ಚಲು, ಇನ್ನೊಬ್ಬರು ಖಾರದ ಪುಡಿ ಎರಚಲು, ಮತ್ತೊಬ್ಬರು ಕಾಡಂಚಿನಲ್ಲಿ ಸ್ವಲ್ಪ ಹಣ್ಣು ಇಟ್ಟು ಅದನ್ನು ಅಲ್ಲಿಯೇ ತೃಪ್ತಿಪಡಿಸಲು ಹೇಳಿದ್ದಾರೆ. ಮೂರನ್ನೂ ಸದ್ಯಕ್ಕೆ ಬದಿಗಿಡಿ. ಓಡಿಸುವುದು ಎರಡನೆಯ ಕೆಲಸ. ತಿನ್ನಲು ಏನೂ ಸಿಗದಂತೆ ಮಾಡುವುದು ಮೊದಲನೆಯದು. ಈ ಕ್ರಮ ತಪ್ಪಿದರೆ ನೀವು ಎಷ್ಟೇ ಸದ್ದು ಮಾಡಿದರೂ ಅದು ಹತ್ತಿರದ ಪೊದೆಯಲ್ಲಿ ಕಾದಿದ್ದು, ದೀಪ ಆರಿದ ಮೇಲೆ ಮತ್ತೆ ಬರುತ್ತದೆ.

ಅದು ಯಾಕೆ ಬರುತ್ತದೆ ಎನ್ನುವುದನ್ನು ಸ್ವಲ್ಪ ನೋಡೋಣ. ನಿಮ್ಮ ಪಕ್ಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವೊಂದರಲ್ಲಿಯೇ ಸುಮಾರು 1,900 ಕಪ್ಪು ಕರಡಿಗಳಿವೆ. ಒಂದು ಕಾಲದಲ್ಲಿ ಈ ಬೆಟ್ಟಗಳಲ್ಲಿ ಅಮೆರಿಕನ್ ಚೆಸ್ಟ್‌ನಟ್ ಮರಗಳು ತುಂಬಿದ್ದವು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಅವುಗಳನ್ನು ಅಳಿಸಿಹಾಕಿತು. ಅಂದಿನಿಂದ ಶರತ್ಕಾಲದಲ್ಲಿ ಕರಡಿಗಳು ಮುಖ್ಯವಾಗಿ ಓಕ್ ಕಾಯಿಗಳನ್ನು ನೆಚ್ಚಿಕೊಂಡಿವೆ, ಮತ್ತು ಓಕ್ ಎಲ್ಲ ವರ್ಷವೂ ಒಂದೇ ಸಮನೆ ಕಾಯಿ ಬಿಡುವ ಮರವಲ್ಲ. ಚಳಿಗಾಲಕ್ಕೆ ಮುಂಚೆ ಕರಡಿ ದಿನಕ್ಕೆ 20,000 ಕ್ಯಾಲರಿಯವರೆಗೆ ತಿನ್ನಬಲ್ಲದು. ಕಾಯಿ ಕಡಿಮೆಯಾದ ವರ್ಷ ಕಾಡಿನಲ್ಲಿ ದಿನವಿಡೀ ಅಲೆದು ದೊರಕಿಸಿಕೊಳ್ಳುವುದನ್ನು ನಿಮ್ಮ ವರಾಂಡದಲ್ಲಿ ಹತ್ತು ನಿಮಿಷದಲ್ಲಿ ತಿನ್ನಬಹುದಾದರೆ ಅದು ಬೇರೆಲ್ಲಿಗೆ ಹೋಗಬೇಕು?

ಮೊದಲು ಫೀಡರನ್ನು ಇಳಿಸಿ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜದಲ್ಲಿ 100 ಗ್ರಾಂಗೆ 580 ಕ್ಯಾಲರಿಯಷ್ಟಿರುತ್ತದೆ, ಅಂದರೆ ಅದು ಕಾಡಿನ ಯಾವ ಹಣ್ಣಿಗಿಂತಲೂ ಲಾಭದ ತುತ್ತು. ಎತ್ತರದ ಕಂಬಕ್ಕೆ ಕಟ್ಟುತ್ತೇನೆ, ರಾತ್ರಿ ಮಾತ್ರ ಒಳಗಿಡುತ್ತೇನೆ ಎನ್ನುವ ರಾಜಿಗಳು ಬೇಡ. ಕೆಳಗೆ ಉದುರಿದ ಕಾಳನ್ನೂ ಗುಡಿಸಿ ತೆಗೆಯಿರಿ. ಆಗ್ನೇಯ ರಾಜ್ಯಗಳ ವನ್ಯಜೀವಿ ಇಲಾಖೆಗಳ ಕರಡಿ ತಜ್ಞರು ರೂಪಿಸಿರುವ ಬೇರ್‌ವೈಸ್ ಕಾರ್ಯಕ್ರಮವೂ ಕರಡಿಗಳು ಓಡಾಡುವ ಕಾಲದಲ್ಲಿ ಫೀಡರ್ ತೆಗೆದುಬಿಡಿ ಎಂದೇ ಹೇಳುತ್ತದೆ. ಹಕ್ಕಿಗಳು ಬೇಕೆಂದರೆ ನೀರಿನ ಬಟ್ಟಲು ಇಡಿ, ಹೂಗಿಡ ನೆಡಿ.

ಕಸದ ವಿಷಯದಲ್ಲಿ ಸ್ವಲ್ಪ ಖರ್ಚಿಗೆ ಸಿದ್ಧರಾಗಬೇಕು. ಮುಚ್ಚಳಕ್ಕೆ ಹಗ್ಗ ಕಟ್ಟಿದ ಸಾಮಾನ್ಯ ಡಬ್ಬಿ ಕರಡಿಗೆ ತಡೆಯೇ ಅಲ್ಲ. ಕರಡಿ ತೆರೆಯಲಾಗದ ಡಬ್ಬಿಗಳನ್ನು ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಸಾಕಿರುವ ಗ್ರಿಜ್ಲಿ ಕರಡಿಗಳ ಮುಂದೆ ಆಹಾರ ತುಂಬಿಟ್ಟು ಪರೀಕ್ಷಿಸುತ್ತಾರೆ. ಒಂದು ಗಂಟೆ ತಡೆದುಕೊಂಡವಕ್ಕೆ ಪ್ರಮಾಣಪತ್ರ ಸಿಗುತ್ತದೆ. ಅಂಥದ್ದನ್ನೇ ಕೊಳ್ಳಿ. ಕಸದ ಗಾಡಿ ಬರುವ ದಿನ ಬೆಳಿಗ್ಗೆಯೇ ಹೊರಗಿಡಿ, ಹಿಂದಿನ ರಾತ್ರಿ ಬೇಡ. ವಾರಾಂತ್ಯಕ್ಕೆ ಮಾತ್ರ ಹೋಗುವವರಾದರೆ ಹೊರಡುವಾಗ ಕಸವನ್ನು ಜೊತೆಗೇ ಒಯ್ಯುವುದು ಎಲ್ಲಕ್ಕಿಂತ ಸುಲಭ. ನಮ್ಮವರ ಅಡುಗೆಮನೆಯ ಕಸ ವಾಸನೆಯಲ್ಲಿ ಒಂದು ಕೈ ಮೇಲೆಯೇ: ತುಪ್ಪದ ಜಿಡ್ಡು, ಬೆಲ್ಲದ ಪಾಕ, ಮಾವಿನ ಗೊರಟೆ, ಬೋಂಡ ಕರಿದು ಉಳಿದ ಎಣ್ಣೆ. ಕರಿದ ಎಣ್ಣೆಯನ್ನು ಹಿತ್ತಲಿಗೆ ಚೆಲ್ಲಬೇಡಿ, ಹಣ್ಣಿನ ಸಿಪ್ಪೆಯನ್ನು ತೆರೆದ ಗೊಬ್ಬರದ ಗುಂಡಿಗೆ ಹಾಕಬೇಡಿ. ಗ್ರಿಲ್ ಬಳಸಿದ ನಂತರ ಕಾವಿನಲ್ಲಿಯೇ ಉಜ್ಜಿ, ಕೆಳಗಿನ ಜಿಡ್ಡಿನ ತಟ್ಟೆಯನ್ನು ತೊಳೆದು, ಸಾಧ್ಯವಾದರೆ ಶೆಡ್ಡಿನೊಳಗೆ ಬೀಗ ಹಾಕಿಡಿ.

ಬಾಗಿಲುಗಳಲ್ಲಿ ಕೆಳಕ್ಕೆ ಒತ್ತಿ ತೆರೆಯುವ ಹಿಡಿಯಿದ್ದರೆ ಕರಡಿಯ ಪಂಜಕ್ಕೆ ಅದು ಬಲು ಸಲೀಸು. ದುಂಡನೆಯ ಹಿಡಿ ಹಾಕಿಸಿ, ಬೀಗವನ್ನೂ ಹಾಕಿ. ಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರಿನೊಳಗೆ ಹೋದ ಕರಡಿಯ ಹಿಂದೆ ಬಾಗಿಲು ಮುಚ್ಚಿಕೊಂಡರೆ ಸೀಟು, ಒಳಹೊದಿಕೆ ಯಾವುದೂ ಉಳಿಯುವುದಿಲ್ಲ.

ತರಕಾರಿ ಮಡಿಗಿಂತ ಹೆಚ್ಚಿನ ಅಪಾಯ ನೀವು ಮುಂದೆ ಇಡಬೇಕೆಂದಿರುವ ಜೇನುಪೆಟ್ಟಿಗೆ ಮತ್ತು ಕೋಳಿಗೂಡಿಗೆ. ಇವಕ್ಕೆ ವಿದ್ಯುತ್ ಬೇಲಿಯೇ ಸರಿ, ನಮ್ಮ ಕಾಫಿ ತೋಟಗಳಲ್ಲಿ ಸೋಲಾರ್ ಬೇಲಿ ಎನ್ನುತ್ತಾರಲ್ಲ, ಅಂಥದ್ದು. ಕನಿಷ್ಠ 0.7 ಜೂಲ್ ಸಾಮರ್ಥ್ಯದ ಎನರ್ಜೈಸರ್ (ತಂತಿಗೆ ಝಟಕೆ ಕಳಿಸುವ ಸಾಧನ), ತಂತಿಯಲ್ಲಿ ಸುಮಾರು 6,000 ವೋಲ್ಟ್, ನೆಲದಿಂದ 8 ಇಂಚಿಗೆ ಮೊದಲ ತಂತಿ, ಅದರ ಮೇಲೆ 8ರಿಂದ 10 ಇಂಚಿನ ಅಂತರದಲ್ಲಿ ಉಳಿದವು. ಕರಡಿಯ ದಟ್ಟ ರೋಮ ವಿದ್ಯುತ್ತನ್ನು ತಡೆಯುವುದರಿಂದ ಝಟಕೆ ಅದರ ಮೂಗಿಗೆ ತಗಲಬೇಕು. ಕೆಳಗಿನ ತಂತಿ ಸಡಿಲವಾಗಿದ್ದರೆ ನುಸುಳಿಬಿಡುತ್ತದೆ. ಅರ್ಥಿಂಗ್ ಸರಳನ್ನು ಆಳವಾಗಿ ಹೊಡೆಯಿರಿ, ಹುಲ್ಲು ತಂತಿಗೆ ತಾಗದಂತೆ ಸವರುತ್ತಿರಿ. ಬೇಲಿ ಹಾಕಿದ ಮೇಲೆಯೇ ಪೆಟ್ಟಿಗೆ ತನ್ನಿ, ಒಮ್ಮೆ ಜೇನಿನ ರುಚಿ ಕಂಡ ಕರಡಿ ಝಟಕೆಯನ್ನೂ ಸಹಿಸಿಕೊಂಡು ನುಗ್ಗಲು ನೋಡುತ್ತದೆ.

ಈಗ ಓಡಿಸುವ ಮಾತು. ಇದಕ್ಕೆ ನಮ್ಮ ಊರಿನ ಕರಡಿಯ ಅನುಭವವನ್ನು ತರಬೇಡಿ. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಕರಡಿ ಎದುರಾಎದುರು ಸಿಕ್ಕರೆ ಮೇಲೆರಗುವುದೇ ಹೆಚ್ಚು. ಅಮೆರಿಕದ ಕಪ್ಪು ಕರಡಿ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಇಲ್ಲವೇ ಮರ ಹತ್ತುತ್ತದೆ. ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಸಿಹಿ ಸವರಿ ಕರಡಿಗಳನ್ನು ಕರೆಯುವುದನ್ನು ನೋಡಿದವರಿಗೆ ಹಣ್ಣು ಇಡುವ ಸಲಹೆ ಸಹಜವೆನ್ನಿಸಬಹುದು, ಆದರೆ ಅದು ಧಾಮದೊಳಗೆ ಸಿಬ್ಬಂದಿ ಮಾಡುವ ಕೆಲಸ. ಮನೆಯ ಬಳಿ ನೀವು ಮಾಡಿದರೆ ಕರಡಿಗೆ ಮನುಷ್ಯರ ಭಯ ಹೋಗುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿಯೂ ಬರಬಹುದು. ಕರಡಿ ಕಂಡಾಗ ಬಾಗಿಲ ಬಳಿ ನಿಂತು ಪಾತ್ರೆ ಬಡಿದು, ಜೋರಾಗಿ ಕೂಗಿ, ಅದು ಓಡಿಹೋಗಲು ದಾರಿ ಬಿಡಿ. ಹತ್ತಿರದಲ್ಲಿ ಸಿಕ್ಕರೆ ಬೆನ್ನು ತೋರಿಸಿ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ತೀರಾ ಅಪರೂಪಕ್ಕೆ ದಾಳಿ ಮಾಡಿಯೇಬಿಟ್ಟರೆ ಸತ್ತಂತೆ ಮಲಗಬಾರದು, ಕೈಗೆ ಸಿಕ್ಕಿದ್ದರಿಂದ ಮುಖಕ್ಕೆ ಹೊಡೆಯಬೇಕು. ಪಟಾಕಿ ಸಿಡಿಸಲು ನಾರ್ತ್ ಕ್ಯಾರೊಲೈನಾದ ಕಾನೂನು ಬಿಡುವುದಿಲ್ಲ. 2016ರ ನವೆಂಬರಿನಲ್ಲಿ ಪಕ್ಕದ ಟೆನೆಸಿ ರಾಜ್ಯದ ಗ್ಯಾಟ್ಲಿನ್‌ಬರ್ಗ್ ಪಟ್ಟಣಕ್ಕೆ ನುಗ್ಗಿದ ಕಾಳ್ಗಿಚ್ಚಿಗೆ 14 ಜನ ಬಲಿಯಾದ ಬೆಟ್ಟಗಳಲ್ಲಿ ಅದು ಬೇಡವೇ ಬೇಡ. ಖಾರದ ಪುಡಿ ಒಂದು ಮಳೆಗೆ ತೊಳೆದುಹೋಗುತ್ತದೆ. ಬೇರ್ ಸ್ಪ್ರೇ ಎನ್ನುವ ಖಾರದ ಸ್ಪ್ರೇ ಕೊಂಡಿಡಿ, ಆದರೆ ಅದು ನಿಮ್ಮತ್ತ ನುಗ್ಗುವ ಕರಡಿಯ ಮುಖಕ್ಕೆ ಹೊಡೆಯುವುದಕ್ಕೆ. ಸೊಳ್ಳೆ ಔಷಧಿಯಂತೆ ಗೋಡೆಗೆ, ಡಬ್ಬಿಗೆ ಹೊಡೆದಿಟ್ಟರೆ ಒಣಗಿದ ನಂತರದ ವಾಸನೆಗೆ ಕರಡಿಯೇ ಹುಡುಕಿಕೊಂಡು ಬರುತ್ತದೆ.

ಇಷ್ಟು ಮಾಡಿದ ಮೇಲೂ ಅದು ಕೆಲವು ದಿನ ಬಂದು ಮೂಸಿ ನೋಡುವುದು ಖಂಡಿತ. ಆ ದಿನಗಳಲ್ಲಿ ಒಂದೇ ಒಂದು ಸಲ ಕಸ ಸಿಕ್ಕರೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ, ಆದ್ದರಿಂದ ಅಕ್ಕಪಕ್ಕದ ಕ್ಯಾಬಿನ್‌ನವರಿಗೂ ವಿಷಯ ತಿಳಿಸಿ. ಹಿಡಿದು ದೂರ ಬಿಡಿ ಎಂದು ಇಲಾಖೆಯನ್ನು ಕೇಳುವುದರಿಂದ ಪ್ರಯೋಜನವಿಲ್ಲ: ಎಷ್ಟೋ ಕರಡಿಗಳು ಮೈಲುಗಟ್ಟಲೆ ನಡೆದು ಹಿಂತಿರುಗುತ್ತವೆ, ಇಲ್ಲಿನ ಕಸ ಹಾಗೆಯೇ ಇದ್ದರೆ ಇನ್ನೊಂದು ಕರಡಿ ಆ ಜಾಗಕ್ಕೆ ಬರುತ್ತದೆ. ಮನೆಯೊಳಗೆ ನುಗ್ಗಲು ಯತ್ನಿಸಿದರೆ ಮಾತ್ರ ತಡಮಾಡದೆ ರಾಜ್ಯದ ವನ್ಯಜೀವಿ ಆಯೋಗಕ್ಕೆ ಫೋನ್ ಮಾಡಿ. ನೀವಿಲ್ಲದ ವಾರಗಳಲ್ಲಿ ಕ್ಯಾಬಿನ್ ಬಾಡಿಗೆಗೆ ಕೊಡುವುದಾಗಿಯೂ ಬರೆದಿದ್ದೀರಿ. ಹಾಗಿದ್ದರೆ ಕಸ, ಗ್ರಿಲ್, ಬಾಗಿಲುಗಳ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಬಾಡಿಗೆ ಕರಾರಿನಲ್ಲಿಯೂ ಸೇರಿಸಿ.