ಪಟ್ಟಿಯ ಪದಗಳೂ ಕತೆಯ ಪದಗಳೂ

ಪ್ರಶ್ನೆ: ಒಂದು ವರ್ಷದಿಂದ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಹಿರಗಾನ, ಕತಾಕಾನ ಎರಡೂ ಲಿಪಿಗಳು ಬರುತ್ತವೆ. ಚೀನೀ ಮೂಲದ ಅಕ್ಷರಗಳಾದ ಕಾಂಜಿಗಳಲ್ಲಿ ಮುನ್ನೂರರಷ್ಟನ್ನು ಗುರುತಿಸಬಲ್ಲೆ. ಆದರೆ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಿದ ಪದಗಳು ವಾರದೊಳಗೆ ಮರೆತುಹೋಗುತ್ತವೆ, ಕೇಳಿದ ಮಾತು ಕಿವಿಗೆ ಹತ್ತುವುದಿಲ್ಲ. ಸಾಹಿತ್ಯವನ್ನು ಈಗಲೇ ಮೂಲದಲ್ಲಿ ಓದಲು ತೊಡಗಬಹುದೇ, ಅಥವಾ 2,136 ಕಾಂಜಿಗಳನ್ನೂ ಕಲಿತು ಮುಗಿಸಬೇಕೇ?

ಉತ್ತರ: ಕಾಯಬೇಡಿ. 2,136 ಎಂಬುದು ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಕಾಂಜಿಗಳ ಸಂಖ್ಯೆ. ಆರು ವರ್ಷಗಳ ಪ್ರಾಥಮಿಕ ಶಾಲೆಯಲ್ಲಿ ಅಲ್ಲಿನ ಮಕ್ಕಳು ಕಲಿಯುವುದು 1,026 ಮಾತ್ರ. ಆದರೂ ಅಷ್ಟರಲ್ಲಿ ಅವರು ಎಷ್ಟೋ ಕತೆಗಳನ್ನು ಓದಿರುತ್ತಾರೆ, ಏಕೆಂದರೆ ಮಕ್ಕಳ ಪುಸ್ತಕಗಳಲ್ಲಿ ಕಷ್ಟದ ಕಾಂಜಿಯ ಪಕ್ಕದಲ್ಲೇ ಅದರ ಉಚ್ಚಾರಣೆಯನ್ನು ಸಣ್ಣ ಕಾನಾ (ಹಿರಗಾನ ಅಥವಾ ಕತಾಕಾನ) ಅಕ್ಷರಗಳಲ್ಲಿ, ಅಂದರೆ ಫುರಿಗಾನದಲ್ಲಿ, ಅಚ್ಚು ಮಾಡಿರುತ್ತಾರೆ.

ನೀಮಿ ನಾಂಕಿಚಿ 1932ರಲ್ಲಿ ಪ್ರಕಟಿಸಿದ ‘ಗೊಂಗಿತ್ಸುನೆ’ ಎಂಬ ನರಿಯ ಕತೆಯಿಂದ ಆರಂಭಿಸಿ. ಅದು ಅಲ್ಲಿ ನಾಲ್ಕನೆಯ ತರಗತಿಯ ಪಠ್ಯ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು 1997ರಿಂದ ಒಟ್ಟುಗೂಡಿಸುತ್ತಿರುವ ಆಓಜೊರ ಬುಂಕೊ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಇದು ಉಚಿತವಾಗಿ ಸಿಗುತ್ತದೆ. 1946ಕ್ಕೆ ಮೊದಲಿನ ಬರವಣಿಗೆಯಲ್ಲಿ ಕಾನಾ ಬಳಸುವ ಕ್ರಮವೇ ಬೇರೆಯಿದ್ದುದರಿಂದ, ಹಳೆಯ ಕೃತಿಗಳ ಹೊಸ ಕಾನಾ ಪಾಠವನ್ನೇ ಆರಿಸಿಕೊಳ್ಳಿ.

ಕತೆಯ ವಾಚನಕ್ಕೆ ಜಪಾನಿಯಲ್ಲಿ ‘ರೋದೊಕು’ ಎನ್ನುತ್ತಾರೆ. ಅದರ ಧ್ವನಿಮುದ್ರಣವನ್ನು ಮೊದಲು ಪುಟ ನೋಡದೆ ಎರಡು ಬಾರಿ ಕೇಳಿ, ಆಮೇಲೆ ನಿಘಂಟಿನೊಡನೆ ಓದಿ, ಮರುದಿನ ಅದನ್ನೇ ಮತ್ತೆ ಕೇಳಿ. ದಿನಕ್ಕೆ ಒಂದೇ ಪುಟವಾದರೂ ಸಾಕು. ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ, ಅದು ಬಂದ ವಾಕ್ಯವನ್ನೇ ಇಡಿಯಾಗಿ ಬರೆದಿಟ್ಟುಕೊಂಡರೆ ಪದದ ಜೊತೆ ಅದರ ಪ್ರತ್ಯಯವೂ ಸಂದರ್ಭವೂ ನೆನಪಿನಲ್ಲಿ ಉಳಿಯುತ್ತವೆ.

ವಾಕ್ಯದ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಅದನ್ನು ಬಿಟ್ಟು ಇಂಗ್ಲಿಷಿನ ಮೂಲಕ ಸುತ್ತಿ ಬರುವುದು ನನಗೆ ವ್ಯರ್ಥವೆನಿಸುತ್ತದೆ. ಕ್ರಿಯಾಪದ ಕೊನೆಗೆ ಬರುವುದಷ್ಟೇ ಅಲ್ಲ, ಸಹಾಯಕ ಕ್ರಿಯಾಪದಗಳೂ ನಮ್ಮವುಗಳಂತೆಯೇ ನಡೆದುಕೊಳ್ಳುತ್ತವೆ: ‘ತಬೆತೆ ಮಿರು’ ಎಂದರೆ ತಿಂದು ನೋಡು, ‘ಕೈತೆ ಒಕು’ ಎಂದರೆ ಬರೆದಿಡು, ‘ತಬೆತೆ ಶಿಮತ್ತ’ ಎಂದರೆ ತಿಂದುಬಿಟ್ಟ.

ಕಿವಿಗೂ ಇಂಥದೇ ನೆರವುಂಟು. ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವದೀರ್ಘಗಳೂ ಒತ್ತಕ್ಷರವೂ ನಮಗೆ ಹೊಸವಲ್ಲ. ಶ್ರಮ ಬೇಕಾಗುವುದು ಸ್ವರದ ಏರಿಳಿತಕ್ಕೆ. ಟೋಕಿಯೊದ ಉಚ್ಚಾರಣೆಯಲ್ಲಿ ‘ಹಶಿ’ಯ ಮೊದಲ ಅಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ; ಕ್ಯೋಟೊದಲ್ಲಿ ಇದು ತಿರುಗುಮುರುಗು. ಆದ್ದರಿಂದ ಆರಂಭದಲ್ಲಿ ಟೋಕಿಯೊ ಉಚ್ಚಾರಣೆಯ ಒಬ್ಬರೇ ವಾಚಕರನ್ನು ಹಿಡಿದುಕೊಂಡು, ಅವರ ಹಿಂದೆಯೇ ಗಟ್ಟಿಯಾಗಿ ಹೇಳುತ್ತಾ ಅಭ್ಯಾಸ ಮಾಡಿ.